ಶಿರಾ ಮತ್ತು ಮಧುಗಿರಿ: ಒಡಹುಟ್ಟಿದ ಎರಡು ಪಟ್ಟಣಗಳು

ಸಮೀಪದಲ್ಲಿ ಬೆಳೆದು ಒಂದರ ಹೆಸರನ್ನೆತ್ತಿದೊಡನೆ ಮತ್ತೊಂದು ನೆನಪಿಗೆ ಬರುವಂತೆ ಬಾಳಿದ ಪಟ್ಟಣಗಳನ್ನು ಅವಳಿ ಪಟ್ಟಣಗಳೆಂದು ಕರೆಯುವ ವಾಡಿಕೆ ಉಂಟು. ೧೯೬೨ರಲ್ಲಿ ಒಂದೇ ನಗರಾಡಳಿತಕ್ಕೆ ಒಳಪಟ್ಟ ಹುಬ್ಬಳ್ಳಿ ಧಾರವಾಡಗಳು ನಮ್ಮ ನಾಡಿನಲ್ಲಿ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ತುಮಕೂರು ಸೀಮೆಯ ಉತ್ತರಭಾಗದಲ್ಲಿರುವ ಶಿರಾ ಮತ್ತು ಮಧುಗಿರಿಗಳ ಸಂಬಂಧವಾದರೋ ಬೇರೆ ಬಗೆಯದು. ಇವುಗಳ ಬೀದಿಗಳು ಎಂದೂ ಕೂಡಿಕೊಂಡಿಲ್ಲ. ನಡುವೆ ಸುಮಾರು ೪೦ ಕಿಲೋಮೀಟರುಗಳ ದಾರಿಯಿದೆ. ಕೂಡಿದುದು ಇವುಗಳ ಹಣೆಬರಹ.

ಒಂದು ಬಯಲಿನ ಊರು, ಮತ್ತೊಂದು ಬಂಡೆಯ ಊರು. ಮಧುಗಿರಿಯ ಏಕಶಿಲಾಪರ್ವತವು ಸಮುದ್ರಮಟ್ಟದಿಂದ ೩,೯೩೦ ಅಡಿ ಎತ್ತರದಲ್ಲಿ ತಲೆಯೆತ್ತಿ ನಿಂತಿದೆ. ಮಂದೆಯಿಂದ ತಪ್ಪಿಸಿಕೊಂಡ ಕುರಿಯೊಂದು ಮೈಯೆಲ್ಲ ನೀರು ತೊಟ್ಟಿಕ್ಕುತ್ತ ಬೆಟ್ಟದಿಂದ ಇಳಿದು ಬಂದುದನ್ನು ಕಂಡು, ಮೇಲೆ ನೀರಿನ ಸೆಲೆಯಿರುವುದನ್ನು ಅರಿತು, ಸ್ಥಳೀಯ ಪ್ರಭುವಾದ ರಾಜಾ ಹಿರೇಗೌಡನು ಅಲ್ಲಿ ದುರ್ಗವನ್ನು ಕಟ್ಟಿಸಿದನೆಂದು ಐತಿಹ್ಯವಿದೆ. ಇಂತಹ ಕಥೆಗಳು ಅನೇಕ ದುರ್ಗಗಳಿಗೆ ಇರುವುವು; ಆದರೂ ಮಳೆ ಕಡಮೆಯಾದ ಈ ಸೀಮೆಯಲ್ಲಿ ನೀರಿನಿಂದಲೇ ಊರಿನ ಚರಿತ್ರೆ ಆರಂಭವಾಗುವುದು ಸಹಜವೇ ಆಗಿದೆ. ಬೆಟ್ಟದ ಬುಡದಲ್ಲಿ ವೆಂಕಟರಮಣಸ್ವಾಮಿಯ ಮತ್ತು ಮಲ್ಲೇಶ್ವರನ ವಿಶಾಲವಾದ ದೇವಾಲಯಗಳು ಪಕ್ಕಪಕ್ಕದಲ್ಲಿಯೇ ಇವೆ.

ಶಿರಾ ಕೋಟೆಗೆ ಅಸ್ತಿಭಾರ ಹಾಕಿದವನು ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕನು. ಕೆಲಸವು ಪೂರೈಸುವ ಮೊದಲೇ, ೧೬೩೮ರಲ್ಲಿ, ರಣದುಲ್ಲಾಖಾನನ ನೇತೃತ್ವದಲ್ಲಿ ಬಂದ ಬಿಜಾಪುರದ ಸೈನ್ಯಕ್ಕೆ ಊರು ವಶವಾಯಿತು. ಅಲ್ಲಿಯ ಅಧಿಕಾರಿಯಾಗಿದ್ದ ಮಲಿಕ್ ರಿಹಾನನ ಗೋರಿಯ ಕಟ್ಟಡವು ೧೬೫೧ರಷ್ಟು ಹಳೆಯದು.

ಮಧುಗಿರಿಯನ್ನು ಆ ಶತಮಾನದಲ್ಲಿ ಆಳುತ್ತಿದ್ದವರು ರಾಮೇಗೌಡ ತಿಮ್ಮಪ್ಪಗೌಡರೆಂಬ ಜೋಡಿ ಪ್ರಭುಗಳು. ೧೬೭೮ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯವು ದುರ್ಗವನ್ನು ಗೆದ್ದು ಇಬ್ಬರನ್ನೂ ಶ್ರೀರಂಗಪಟ್ಟಣಕ್ಕೆ ಒಯ್ದಿತು. ತರುವಾಯ ಅವರು ಬಿಡುಗಡೆ ಹೊಂದಿ ಮಿಡಿಗೇಶಿಯನ್ನು ಜೀವನಾರ್ಥವಾಗಿ ಪಡೆದರು. ಇದಾದ ಒಂಬತ್ತು ವರ್ಷಗಳಿಗೆ, ೧೬೮೭ರಲ್ಲಿ, ಮೊಗಲರು ಶಿರಾವನ್ನು ಸುಭಾದ ರಾಜಧಾನಿಯನ್ನಾಗಿ ಮಾಡಿ ಕಾಸಿಂಖಾನನನ್ನು ನಿಯಮಿಸಿದರು. ಮಧುಗಿರಿಯನ್ನು ಮುತ್ತಿಗೆಯಿಂದ ಪಡೆದ ಚಿಕ್ಕದೇವರಾಜರೇ ಬೆಂಗಳೂರನ್ನು ಈ ಕಾಸಿಂಖಾನನಿಂದ ಮೂರು ಲಕ್ಷ ರೂಪಾಯಿಗಳಿಗೆ ಕೊಂಡುಕೊಂಡರೆಂಬುದು ಪ್ರಸಿದ್ಧವಾಗಿದೆ. ಹೀಗೆ ಸಹೋದರಿಯರು ಬೇರೆ ಬೇರೆ ಮನೆಗಳನ್ನು ಸೇರಿದರು. ಬಂಡೆಯ ಮೇಲೆ ಮೈಸೂರಿನ ಕಾವಲು, ಬಯಲಿನಲ್ಲಿ ಮೊಗಲರ ದರ್ಬಾರು. ಶಿರಾಕ್ಕೆ ಕಪ್ಪ ಸಲ್ಲಿಸಬೇಕಾಗಿದ್ದ ಸಂಸ್ಥಾನಗಳ ಪಟ್ಟಿಯಲ್ಲಿ ಬಿದನೂರು, ಚಿತ್ರದುರ್ಗಗಳೊಡನೆ ಮೈಸೂರಿನ ಹೆಸರೂ ಇದ್ದಿತೆಂಬುದನ್ನು ಸ್ಮರಿಸಿದರೆ ಆ ಕಾಲದಲ್ಲಿ ಇವೆರಡರಲ್ಲಿ ಹಿರಿಯಳು ಯಾರೆಂಬುದು ತಿಳಿಯುತ್ತದೆ. ದಿಲಾವರಖಾನನ ಆಡಳಿತದಲ್ಲಿ ಶಿರಾದ ವೈಭವವು ತುತ್ತತುದಿಗೇರಿತು. ಬೆಂಗಳೂರಿನ ಲಾಲ್‌ಬಾಗಿಗೆ ಶಿರಾದ ಉದ್ಯಾನವೇ ಮಾದರಿಯಾಯಿತೆಂದು ಹೇಳುವರು.

೧೭೫೭ರಲ್ಲಿ ಶಿರಾ ಮರಾಠರ ಕೈಸೇರಿತು. ೧೭೬೧ರಲ್ಲಿ ಬಸಾಲತ್ ಜಂಗನೊಡನೆ ಸೇರಿ ಹೈದರಾಲಿಯು ಅದನ್ನು ಗೆದ್ದು, ಶಿರಾದ ನವಾಬನೆಂಬ ಬಿರುದನ್ನು ಪಡೆದನು. ಮೈಸೂರಿನಿಂದ ಕಪ್ಪವನ್ನು ಎದುರುನೋಡುತ್ತಿದ್ದ ಊರಿನ ಪದವಿ ಮೈಸೂರಿನ ಸೇನಾನಿಗೆ ಭೂಷಣವಾಯಿತು! ಇಲ್ಲಿಂದ ಮುಂದೆ ಎರಡೂ ಪಟ್ಟಣಗಳಿಗೆ ಏಳುಬೀಳುಗಳು ಒಂದೇ. ಹೈದರನು ಮಧುಗಿರಿಯ ಕೋಟೆಯನ್ನು ವಿಸ್ತರಿಸಿ ಬಲಪಡಿಸಿದನು. ಅದನ್ನು ಸೆರೆಮನೆಯನ್ನಾಗಿಯೂ ಬಳಸಿದನು. ೧೭೬೩ರಲ್ಲಿ ಬಿದನೂರು ಬಿದ್ದಮೇಲೆ ವೀರಮ್ಮಾಜಿಯನ್ನೂ ಆಕೆಯ ದತ್ತಪುತ್ರನನ್ನೂ ಇಟ್ಟುದು ಇಲ್ಲಿಯೇ. ಮಲೆನಾಡಿನ ಹಸುರಿನಲ್ಲಿ ಬಾಳಿದ, ವೀರಶೈವ ಮಠಗಳಿಗೆ ಉಂಬಳಿಗಳನ್ನು ಬಿಟ್ಟುಕೊಟ್ಟ ಕೆಳದಿಯ ಮನೆತನದ ಕೊನೆಯ ರಾಣಿಯು ಈ ಕಾದ ಬಂಡೆಯ ಮೇಲೆ ದಿನಗಳನ್ನು ಎಣಿಸಬೇಕಾಯಿತು. ೧೭೬೬-೬೭ರಲ್ಲಿ ಪೇಶ್ವೆ ಮಾಧವರಾಯನು ದಂಡೆತ್ತಿ ಬಂದಾಗ ಶಿರಾದ ರಕ್ಷಣೆಗಿದ್ದ ಹೈದರನ ಭಾವಮೈದುನನು ಊರನ್ನು ಒಪ್ಪಿಸಿಬಿಟ್ಟನು. ಬಯಲು ಹೋದಮೇಲೆ ಬಂಡೆಯೂ ಉಳಿಯಲಿಲ್ಲ; ಮಧುಗಿರಿಯೂ ಮರಾಠರ ವಶವಾಯಿತು. ಸೆರೆಯಿಂದ ಹೊರಬಂದ ರಾಣಿಯು ಪುಣೆಯನ್ನು ಮುಟ್ಟಲಿಲ್ಲ. ಮಾರ್ಗಮಧ್ಯದಲ್ಲಿಯೇ ದೇಹವನ್ನು ಬಿಟ್ಟಳು. ೧೭೭೪ರಲ್ಲಿ ಎರಡು ಊರುಗಳೂ ಮತ್ತೆ ಮೈಸೂರಿಗೆ ಸೇರಿದುವು.

ಯುದ್ಧಗಳಿಂದ ಆದ ಕೇಡಿಗಿಂತ ಶಿರಾಕ್ಕೆ ತರುವಾಯ ಒದಗಿದುದೇ ದೊಡ್ಡ ಪೆಟ್ಟೆನ್ನಬೇಕು. ಟಿಪ್ಪುಸುಲ್ತಾನನು ಶ್ರೀರಂಗಪಟ್ಟಣದ ಬಳಿ ಗಂಜಾಮೆಂಬ ಹೊಸ ಪೇಟೆಯನ್ನು ನೆಲೆಗೊಳಿಸುವುದಕ್ಕಾಗಿ ಇಲ್ಲಿಂದ ೧೨,೦೦೦ ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಹೇಳಲ್ಪಟ್ಟಿದೆ. ಕೆಡವಿದ ಗೋಡೆಯನ್ನು ಮತ್ತೆ ಎಬ್ಬಿಸಬಹುದು. ಕಸಬು ಬಲ್ಲವರೂ ವರ್ತಕರೂ ಹೊರಟುಹೋದಮೇಲೆ ಪೇಟೆಯನ್ನು ಎಬ್ಬಿಸುವುದು ಸುಲಭವಲ್ಲ.

ನೆರೆಯ ಕೊರಟಗೆರೆ, ಪಾವಗಡಗಳೂ ಇದೇ ಬಳಗದವು; ಅವೂ ಪಾಳೆಯಗಾರರ ಠಾಣ್ಯಗಳೇ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಪಾವಗಡವು ಬಹುಪಾಲು ಆಂಧ್ರದೇಶದಿಂದ ಸುತ್ತುವರಿದಿದ್ದರೂ ಈ ಮನೆಯ ಮಗಳಾಗಿಯೇ ಉಳಿದಿದೆ.

ಮದ್ದಗಿರಿಯೆಂದಿದ್ದ ಹೆಸರು ೧೯೨೭ರಲ್ಲಿ ಮಧುಗಿರಿಯೆಂದು ಬದಲಾಯಿತು. ಈಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಉಪವಿಭಾಗವೆನಿಸಿವೆ. ಶಾಲೆಗಳ ಆಡಳಿತಕ್ಕೂ ಇವು ನಾಲ್ಕು ಒಂದೇ ಜಿಲ್ಲೆ, ಅದರ ಕೇಂದ್ರವೂ ಮಧುಗಿರಿಯೇ. ಒಂದು ಕಾಲದಲ್ಲಿ ಮೈಸೂರು, ಬಿದನೂರುಗಳ ಕಪ್ಪದ ಲೆಕ್ಕವನ್ನಿಡುತ್ತಿದ್ದ ಶಿರಾದ ರೈತನು ಇಂದು ತನ್ನ ಜಮೀನಿನ ತಕರಾರಿನ ಮೇಲ್ಮನವಿಯನ್ನು ಕಂಕುಳಲ್ಲಿ ಇರುಕಿಕೊಂಡು ಮಧುಗಿರಿಯ ಬಸ್ಸನ್ನು ಹತ್ತುತ್ತಾನೆ.