ಶಮೀಂದ್ರನ ವಸಂತ: ಶಾಂತಿನಿಕೇತನದ ಶಾಲೆಯೊಂದರ ಋತುಸಂಭ್ರಮ

ಶಾಂತಿನಿಕೇತನದ ವಸಂತೋತ್ಸವವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಹಳದಿ ಸೀರೆಯುಟ್ಟು, ಮುಡಿಗೆ ಮುತ್ತುಗದ ಹೂವೇರಿಸಿ, ಕೋಲು ಹಿಡಿದು ಸಾಲಾಗಿ ನರ್ತಿಸುತ್ತ ಬರುವ ವಿದ್ಯಾರ್ಥಿನಿಯರ ಚಿತ್ರ. ಈ ಚಿತ್ರವನ್ನು ವಿಶ್ವವಿದ್ಯಾಲಯದ ಉತ್ಸವವೆಂದೋ, ಬಂಗಾಳದ ಹೋಳಿಯೆಂದೋ ತಿಳಿದವರೇ ಹೆಚ್ಚು. ಆದರೆ ಅದರ ಬೇರು ಇರುವುದು ಒಂದು ಚಿಕ್ಕ ಶಾಲೆಯಲ್ಲಿ, ಅದೂ ಹತ್ತು ವರ್ಷದ ಬಾಲಕನೊಬ್ಬನ ಉತ್ಸಾಹದಲ್ಲಿ.

1901ರ ಡಿಸೆಂಬರಿನಲ್ಲಿ ರವೀಂದ್ರನಾಥ ಠಾಕೂರರು ಬೋಲ್ಪುರದ ಬಯಲಿನಲ್ಲಿ ಬ್ರಹ್ಮಚರ್ಯಾಶ್ರಮವೆಂಬ ಶಾಲೆಯನ್ನು ತೆರೆದಾಗ ಇದ್ದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಮುಂದೆ ಪಾಠಭವನವೆಂಬ ಹೆಸರು ಪಡೆದದ್ದು ಇದೇ ಶಾಲೆ. 1907ರ ವಸಂತ ಪಂಚಮಿಯಂದು ಕವಿಯ ಕಿರಿಯ ಮಗ ಶಮೀಂದ್ರನಾಥ ಗೆಳೆಯರನ್ನು ಕೂಡಿಸಿಕೊಂಡು ಋತು ಉತ್ಸವವೊಂದನ್ನು ನಡೆಸಿದ. ಹುಡುಗರು ಋತುಗಳ ವೇಷ ತೊಟ್ಟು ಹಾಡಿದರು. ಅದೇ ವರ್ಷದ ನವೆಂಬರಿನಲ್ಲಿ, ರಜೆಗೆಂದು ಮುಂಗೇರಿಗೆ ಹೋಗಿದ್ದ ಶಮೀಂದ್ರ ಕಾಲರಾಕ್ಕೆ ತುತ್ತಾದ. ಹನ್ನೊಂದು ತುಂಬಿರಲಿಲ್ಲ. ಬಂಗಾಳಿ ಪಂಚಾಂಗದ ಪ್ರಕಾರ ಅದು ಐದು ವರ್ಷಗಳ ಹಿಂದೆ ಅವನ ತಾಯಿ ಮೃಣಾಲಿನೀ ದೇವಿ ತೀರಿಕೊಂಡ ದಿನವೇ ಆಗಿತ್ತು.

ಮರುವರ್ಷ, ಅಂದರೆ 1908ರಲ್ಲಿ, ಕವಿ ಶಾಲೆಯ ಮಕ್ಕಳಿಗಾಗಿ 'ಶಾರದೋತ್ಸವ'ವನ್ನು ಬರೆದರು. ಋತುಗಳನ್ನು ಕುರಿತ ನಾಟಕಗಳ ಸಾಲು ಅಲ್ಲಿಂದ ಆರಂಭವಾಯಿತು. ಮಗನ ಆಟವನ್ನು ತಂದೆ ಮುಂದುವರಿಸಿದರೆಂದು ಹೇಳಿದರೆ ಭಾವುಕತೆಯೆನಿಸಬಹುದು; ಆದರೆ ಕಾಲಾನುಕ್ರಮ ಇದ್ದದ್ದೇ ಹಾಗೆ.

1915ರಲ್ಲಿ ಶಾಲೆಯಲ್ಲಿ ಆಡಿದ 'ಫಾಲ್ಗುನಿ'ಯಲ್ಲಿ ಯುವಕರ ಗುಂಪೊಂದು ಚಳಿಗಾಲದ ಮುದುಕನನ್ನು ಹಿಡಿಯಲು ಹೊರಡುತ್ತದೆ. ಗುಹೆಯಿಂದ ಹೊರಬರುವವನು ಮಾತ್ರ ಮುದುಕನಲ್ಲ, ಅವರದೇ ಚಿರಯುವಕ ನಾಯಕ. ಮರುವರ್ಷ ಬಾಂಕುಡಾ ಜಿಲ್ಲೆಯ ಬರಪರಿಹಾರಕ್ಕಾಗಿ ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಅದನ್ನು ಆಡಿದಾಗ ಕವಿ ಸ್ವತಃ ಕುರುಡ ಬಾವುಲನ ಪಾತ್ರ ವಹಿಸಿದರು. ವಸಂತದ ನಾಟಕ ಹಸಿದವರಿಗೆ ಅನ್ನ ಒದಗಿಸಲು ನೆರವಾಯಿತು. 1923ರ 'ವಸಂತ' ಗೀತನಾಟಕವನ್ನಂತೂ ಅವರು ಆಗ ಸೆರೆಮನೆಯಲ್ಲಿದ್ದ ತರುಣ ಕವಿ ಕಾಜಿ ನಜ್ರುಲ್ ಇಸ್ಲಾಮರಿಗೆ ಅರ್ಪಿಸಿದರು. ಈ ಉತ್ಸವವನ್ನು ಬರಿಯ ಹೂವು, ಬಣ್ಣಗಳ ವಿಲಾಸವೆಂದು ಬಗೆಯುವವರು ಈ ಎರಡು ಸಂಗತಿಗಳನ್ನು ಗಮನಿಸಬೇಕು.

ಹಾಡು ಈ ಶಾಲೆಯಲ್ಲಿ ವಾರಕ್ಕೊಂದು ತರಗತಿಗೆ ಸೀಮಿತವಾದ ವಿಷಯವಾಗಿರಲಿಲ್ಲ. ಹಬ್ಬದ ದಿನ ನಸುಕಿನಲ್ಲಿ ವಿದ್ಯಾರ್ಥಿಗಳು ಆಶ್ರಮದ ಹಾದಿಗಳಲ್ಲಿ ಹಾಡುತ್ತ ಸಾಗುವುದಕ್ಕೆ ವೈತಾಲಿಕವೆಂದು ಹೆಸರು. ವಾರದ ರಜೆ ಬುಧವಾರ. ಅಂದು ಗಾಜಿನ ಗೋಡೆಗಳ ಮಂದಿರದಲ್ಲಿ ಉಪಾಸನೆ, ಅಲ್ಲಿಯೂ ಹಾಡು. ಈ ಪರಂಪರೆಯ ಆಧಾರಸ್ತಂಭ ಕವಿಯ ಅಣ್ಣನ ಮೊಮ್ಮಗ ದಿನೇಂದ್ರನಾಥ. ರಾಗ ಹೊಳೆದ ಗಳಿಗೆಯಲ್ಲಿ ಹಾಡಿ, ಆಮೇಲೆ ತಾವೇ ಮರೆತುಬಿಡುತ್ತಿದ್ದ ಕವಿಗೆ ಅವರು ನೆನಪಿನ ಉಗ್ರಾಣವಾಗಿದ್ದರು. ಕೇಳಿದೊಡನೆ ಕಲಿತು, ಸ್ವರಲಿಪಿ ಬರೆದು, ಮಕ್ಕಳ ಬಾಯಿಗೆ ಹಾಕುತ್ತಿದ್ದರು. 'ಫಾಲ್ಗುನಿ'ಯ ಅರ್ಪಣೆಯಲ್ಲಿ ಕವಿ ಅವರನ್ನು ತಮ್ಮ ಹಾಡುಗಳ ಭಂಡಾರಿಯೆಂದು ಕರೆದದ್ದು ಉಪಚಾರದ ಮಾತಲ್ಲ.

ಆ ಭಂಡಾರಕ್ಕೆ ದಕ್ಷಿಣದ ಪಾಲೂ ಸಂದಿದೆ. ಅಡ್ಯಾರಿನ ಕಡೆಯಿಂದ ಓದಲು ಬಂದ ಸಾವಿತ್ರಿ ಎಂಬ ವಿದ್ಯಾರ್ಥಿನಿ ಹಾಡುತ್ತಿದ್ದ ಮುತ್ತುಸ್ವಾಮಿ ದೀಕ್ಷಿತರ 'ಮೀನಾಕ್ಷಿ ಮೇ ಮುದಂ' ಕೃತಿಯ ಧಾಟಿಯೇ 'ಬಾಸಂತಿ ಹೇ ಭುವನಮೋಹಿನಿ' ಎಂಬ ವಸಂತಗೀತೆಯಾಯಿತು. ಇದಕ್ಕೂ ಬಹಳ ಹಿಂದೆ ಕವಿಯ ಸೋದರ ಸೊಸೆ ಸರಲಾ ದೇವಿ ಮೈಸೂರಿನ ಮಹಾರಾಣಿ ಶಾಲೆಯಲ್ಲಿ ಪಾಠ ಹೇಳಿ, ಮರಳುವಾಗ ಅಲ್ಲಿಯ ಧಾಟಿಗಳನ್ನು ಜೊತೆಗೆ ಒಯ್ದಿದ್ದರು. 'ಆನಂದಲೋಕೆ ಮಂಗಲಾಲೋಕೆ' ಹಾಡಿನ ಹಿಂದೆ ಇರುವುದು ಮೈಸೂರಿನ ಭಜನೆಯ ಧಾಟಿ. ಕನ್ನಡದ ಮಕ್ಕಳು ಅದನ್ನು ಬಂಗಾಳಿ ಹಾಡೆಂದು ಕಲಿಯುವಾಗ, ತಮ್ಮ ಮನೆಯ ಪಾತ್ರೆಯನ್ನೇ ನೆರೆಮನೆಯಿಂದ ಎರವಲು ತಂದಂತಾಗುತ್ತದೆ!

ಹಾಡಿನಷ್ಟು ಸಲೀಸಾಗಿ ನೃತ್ಯ ಶಾಲೆಯೊಳಗೆ ಬರಲಿಲ್ಲ. ಕುಲೀನ ಮನೆತನದ ಹೆಣ್ಣುಮಕ್ಕಳು ಕುಣಿಯುವುದೆಂದರೆ ಅಂದಿನ ಕಲ್ಕತ್ತೆಯ ಗೃಹಸ್ಥರು ಕಿವಿ ಮುಚ್ಚಿಕೊಳ್ಳುತ್ತಿದ್ದ ಕಾಲ ಅದು. 1919ರ ನವೆಂಬರಿನಲ್ಲಿ ಸಿಲ್ಹೆಟ್ಟಿನಲ್ಲಿ ಮಣಿಪುರಿ ನೃತ್ಯವನ್ನು ಕಂಡ ಕವಿ, ತ್ರಿಪುರಾದಿಂದ ಬುದ್ಧಿಮಂತ ಸಿಂಹರನ್ನು ಕರೆಸಿಕೊಂಡರು. ಮೊದಲು ಕಲಿತವರು ಹುಡುಗರು. ಕೆಲವು ವರ್ಷಗಳ ಬಳಿಕ ನವಕುಮಾರ ಸಿಂಹರು ಬಂದರು. ಕವಿಯ ಸೊಸೆ ಪ್ರತಿಮಾ ದೇವಿಯವರ ಮುತುವರ್ಜಿಯಿಂದ ಹುಡುಗಿಯರ ನೃತ್ಯಶಿಕ್ಷಣ ಬೇರೂರಿತು.

ನಿಜವಾದ ಪರೀಕ್ಷೆ ಎದುರಾದದ್ದು 1926ರ 'ನಟೀರ್ ಪೂಜಾ'ದಲ್ಲಿ. ಬುದ್ಧನ ಸ್ತೂಪದ ಮುಂದೆ ಕುಣಿಯಬೇಕೆಂದು ಅವಮಾನಿಸಲೆಂದೇ ಆಜ್ಞಾಪಿಸಲ್ಪಟ್ಟ ರಾಜನರ್ತಕಿ ಶ್ರೀಮತಿ, ಕುಣಿಯುತ್ತಲೇ ಆಭರಣಗಳನ್ನು ಒಂದೊಂದಾಗಿ ಕಳಚುತ್ತಾಳೆ, ಒಳಗೆ ಭಿಕ್ಷುಣಿಯ ವಸ್ತ್ರ ಕಾಣುತ್ತದೆ, ಪ್ರಾಣ ತೆರುತ್ತಾಳೆ. ಆ ಪಾತ್ರ ಮಾಡಿದವರು ಚಿತ್ರಕಾರ ನಂದಲಾಲ್ ಬೋಸರ ಮಗಳು ಗೌರಿ. ಮೊದಲ ರೂಪದಲ್ಲಿ ಇದ್ದವೆಲ್ಲ ಸ್ತ್ರೀಪಾತ್ರಗಳೇ. 1927ರ ಜನವರಿಯಲ್ಲಿ ಕಲ್ಕತ್ತೆಯ ಪ್ರೇಕ್ಷಕರ ಮುಂದೆ ಆಡುವ ಹೊತ್ತಿಗೆ ಕವಿ ಉಪಾಲಿಯೆಂಬ ಭಿಕ್ಷುವಿನ ಪಾತ್ರವನ್ನು ಸೇರಿಸಿ, ತಾವೇ ಅದನ್ನು ಧರಿಸಿ ರಂಗವೇರಿದರು. ನಾಟಕಕ್ಕೆ ಆ ಪಾತ್ರದ ಅನಿವಾರ್ಯತೆ ಇತ್ತೋ ಇಲ್ಲವೋ, ರಂಗದ ಮೇಲಿದ್ದ ಹುಡುಗಿಯರಿಗೆ ಅರವತ್ತೈದರ ಆ ಹಿರಿಯರ ಇರವು ಬೇಕಿತ್ತು. ನಿಂದೆ ಬರುವುದಿದ್ದರೆ ಮೊದಲು ತಮಗೇ ತಗಲಲೆಂದು ನಿಂತಂತಿತ್ತು ಅದು. ನನ್ನ ದೃಷ್ಟಿಯಲ್ಲಿ, ಮುಂದಿನ 'ಚಿತ್ರಾಂಗದಾ', 'ಚಂಡಾಲಿಕಾ', 'ಶ್ಯಾಮಾ' ನೃತ್ಯನಾಟಕಗಳಿಗೆ ದಾರಿಯಾದದ್ದು ಈ ಸಂಜೆ.

ದೋಲ ಪೂರ್ಣಿಮೆಯ ಬೆಳಗಿನ ಮೆರವಣಿಗೆ 'ಓರೆ ಗೃಹವಾಸಿ' ಹಾಡಿನಿಂದ ಆರಂಭವಾಗುತ್ತದೆ. ಮನೆಯೊಳಗಿದ್ದವರನ್ನು ಬಾಗಿಲು ತೆರೆಯಿರೆಂದು ಕರೆಯುವ ಹಾಡು ಅದು. ನೃತ್ಯ ಮುಗಿದ ಮೇಲೆಯೇ ಬಣ್ಣ. ಅದೂ ಒಣ ಅಬೀರ ಮಾತ್ರ, ನೀರಿನೆರಚಾಟವಿಲ್ಲ. ಈ ಸಂಯಮಕ್ಕೆ ಮಾರುಹೋದ ಜನ ಲಕ್ಷಗಟ್ಟಲೆಯಾಗಿ ಬರತೊಡಗಿದಾಗ ಸಂಯಮವೇ ಕಷ್ಟವಾಯಿತು. 2020ರಲ್ಲಿ ಕೊರೋನಾ ಭೀತಿಯಿಂದ ಉತ್ಸವ ರದ್ದಾಯಿತು. ಆ ನಂತರದ ವರ್ಷಗಳಲ್ಲಿ ವಿಶ್ವಭಾರತಿ ಅದನ್ನು ಹೊರಗಿನವರಿಗೆ ತೆರೆಯದೆ, ಕೆಲವೊಮ್ಮೆ ದೋಲದ ದಿನವನ್ನೂ ತಪ್ಪಿಸಿ, ತನ್ನ ವಿದ್ಯಾರ್ಥಿ, ಅಧ್ಯಾಪಕರ ನಡುವೆಯೇ ಆಚರಿಸಿತು. ಬೋಲ್ಪುರದ ವರ್ತಕರಿಗೂ ದೂರದ ಪ್ರವಾಸಿಗಳಿಗೂ ಇದು ಹಿಡಿಸಲಿಲ್ಲ. ಬಾಗಿಲು ತೆರೆಯಿರೆಂದು ಹಾಡುವವರೇ ಬಾಗಿಲು ಮುಚ್ಚಿದರೆಂಬ ವ್ಯಂಗ್ಯ ಸುಲಭ. ಆದರೂ ನನಗೆ ಆಕ್ಷೇಪಿಸಲು ಮನಸ್ಸಿಲ್ಲ. 1907ರಲ್ಲಿ ವೇಷ ತೊಟ್ಟ ಹುಡುಗರನ್ನು ನೋಡಿದವರು ಅವರ ಸಹಪಾಠಿಗಳೂ ಗುರುಗಳೂ ಮಾತ್ರ.