ಜಿಂಕೆಗೆ ಯಾವ ತೋಟಾ?

ಹಾಸನ ತಾಲ್ಲೂಕಿನ ಮೊಸಳೆ ಎಂಬ ಊರನ್ನು ಇತಿಹಾಸದ ವಿದ್ಯಾರ್ಥಿಗಳು ಅದರ ಜೋಡಿ ಗುಡಿಗಳಿಂದ ಬಲ್ಲರು. ಸುಮಾರು ಕ್ರಿ.ಶ. 1200ರ ಹೊತ್ತಿಗೆ ಕಟ್ಟಿದ ನಾಗೇಶ್ವರ ಮತ್ತು ಚೆನ್ನಕೇಶವ ದೇವಾಲಯಗಳು ಅಲ್ಲಿ ಪಕ್ಕಪಕ್ಕದಲ್ಲಿ ನಿಂತಿವೆ. ಇಂದು ನಾವು ಗುಡಿಯೊಳಕ್ಕೆ ಹೋಗುವುದಿಲ್ಲ. ಗುಡಿಯ ಮುಂದೆ ನಿಂತು ಎರಡು ದಿಕ್ಕುಗಳನ್ನು ನೆನೆದರೆ ಸಾಕು. ಪಶ್ಚಿಮಕ್ಕೆ ಹೋದರೆ ಆಲೂರು ದಾಟಿ ಸಕಲೇಶಪುರ: ಕಾಫಿ ತೋಟ, ಏಲಕ್ಕಿ ಮಲೆ, ಐವತ್ತು ಹೆಜ್ಜೆಯ ಆಚೆ ಏನೂ ಕಾಣದ ದಟ್ಟ ಹಳು. ಉತ್ತರಕ್ಕೆ ಹೋದರೆ ಅರಸೀಕೆರೆ ದಾಟಿ ಕಡೂರಿನ ಬಯಲು: ಮೈಸೂರು ಅರಸರ ದನಗಳು ಮೇಯುತ್ತಿದ್ದ ಅಮೃತಮಹಲ್ ಕಾವಲುಗಳು, ಕಣ್ಣು ಹಾಯಿಸಿದಷ್ಟೂ ಹುಲ್ಲು, ಅಲ್ಲಲ್ಲಿ ಒಂದು ಜಾಲಿ. ಕಿರುತೆರೆಯಲ್ಲಿ ಇವೆರಡನ್ನೂ ಎರಡು ದೃಶ್ಯಗಳಲ್ಲಿ ತೋರಿಸಿ ಮುಗಿಸಬಹುದು. ಅಚ್ಚಿನಲ್ಲಿ ನೀವೇ ಕಲ್ಪಿಸಿಕೊಳ್ಳಬೇಕು.

ನೂರು ವರ್ಷಗಳ ಹಿಂದೆ ಈ ಎರಡೂ ನೆಲಗಳಲ್ಲಿ ಬಂದೂಕು ಹಿಡಿದವನಿಗೆ ಒಂದೇ ಪ್ರಶ್ನೆ ಎದುರಾಗುತ್ತಿತ್ತು. ಜಿಂಕೆಗೆ ಯಾವ ತೋಟಾ? ಹಗುರವಾದ ಗುಂಡನ್ನು ಬಹು ವೇಗವಾಗಿ ಕಳಿಸುವುದೋ, ಭಾರವಾದ ಗುಂಡನ್ನು ನಿಧಾನವಾಗಿ ಕಳಿಸುವುದೋ? ಇಂದು ನಮ್ಮ ದೇಶದಲ್ಲಿ ಯಾರೂ ಜಿಂಕೆಯನ್ನು ಬೇಟೆಯಾಡುವಂತಿಲ್ಲ. ಆದ್ದರಿಂದ ಪ್ರಶ್ನೆ ಬಳಕೆಯಿಂದ ಬಿದ್ದುಹೋಗಿದೆ. ಹಾಗಿದ್ದರೂ ಅದನ್ನು ಕೇಳುವುದರಲ್ಲಿ ಅರ್ಥವಿದೆ. ಈ ಪ್ರಶ್ನೆಯ ಬೆನ್ನು ಹತ್ತಿದರೆ ಒಂದಿಷ್ಟು ಭೌತಶಾಸ್ತ್ರ ಸಿಗುತ್ತದೆ, ಬ್ರಿಟಿಷರ ಭಯ ಕಾಣುತ್ತದೆ, ನಮ್ಮ ವನ್ಯಜೀವಿ ಕಾನೂನು ಇಂದಿನ ರೂಪಕ್ಕೆ ಬಂದ ದಾರಿಯೂ ತೋರುತ್ತದೆ.

ತೋಟಾ ಎಂದೊಡನೆ ನಿಮಗೆ 1857ರ ಪಾಠ ನೆನಪಾಗಬಹುದು. ಅಂದಿನ ಎನ್‌ಫೀಲ್ಡ್ ತೋಟಾ ಕಾಗದದ ಸುರುಳಿ. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ, ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ಗುಂಡನ್ನು ಗಜದಿಂದ ಜಡಿಯಬೇಕಿತ್ತು. ಅದಾದ ಕೆಲವೇ ದಶಕಗಳಲ್ಲಿ ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಹಿತ್ತಾಳೆ ಕೊಳವೆಯಲ್ಲಿ ಸೇರಿಸಿ ಹಿಂದಿನಿಂದ ತುಂಬುವ ಕೋವಿಗಳು ಬಂದವು. ನಮ್ಮ ಮಲೆನಾಡಿನಲ್ಲಿ ಹಳೆಯದನ್ನು ಕೇಪಿನ ಕೋವಿ ಎಂದೂ ಹೊಸದನ್ನು ತೋಟಾ ಕೋವಿ ಎಂದೂ ಕರೆದರು. ಹೆಸರಿನಲ್ಲೇ ತಂತ್ರಜ್ಞಾನದ ಚರಿತ್ರೆಯಿದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಗುಂಡಿನ ವೇಗ ಒಮ್ಮೆಲೇ ಏರಿತು. ನಮ್ಮ ಪ್ರಶ್ನೆ ನಿಜವಾಗಿ ಬಿಗಿಗೊಂಡದ್ದು ಆಗ.

ಎರಡು ಪ್ರಸಿದ್ಧ ರೈಫಲ್‌ಗಳನ್ನು ತೆಗೆದುಕೊಳ್ಳೋಣ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಓದಿದವರಿಗೆ ಬೆಂಗಳೂರಿನ ಕೆನೆತ್ ಆಂಡರ್ಸನ್ ಪರಿಚಿತರು. ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಕುಮಾವೂನಿನ ಜಿಮ್ ಕಾರ್ಬೆಟ್‌ರಿಗೆ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಬಹುಮಾನವಾಗಿ ಬಂದದ್ದು .275 ರಿಗ್ಬಿ. ಇಬ್ಬರೂ ಖ್ಯಾತರಾದದ್ದು ಹುಲಿ ಚಿರತೆಗಳಿಂದ. ಆದರೆ ಈ ಎರಡು ತೋಟಾಗಳು ಜಿಂಕೆಯ ಪ್ರಶ್ನೆಗೆ ಹೇಳಿಮಾಡಿಸಿದ ಜೋಡಿ. .275ರ ಗುಂಡು ಸುಮಾರು 9 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 820 ಮೀಟರ್. .405ರದು 19.4 ಗ್ರಾಂ, ವೇಗ ಸುಮಾರು 670 ಮೀಟರ್. ಪೆನ್ಸಿಲ್ ತೆಗೆದುಕೊಳ್ಳಿ. ಚಲನಶಕ್ತಿ ಮೊದಲನೆಯದಕ್ಕೆ ಸುಮಾರು 3,000 ಜೌಲ್, ಎರಡನೆಯದಕ್ಕೆ ಸುಮಾರು 4,350. ಹಾಗಾದರೆ .405 ಮೇಲು ಎಂದು ಅವಸರದಲ್ಲಿ ತೀರ್ಮಾನಿಸಬೇಡಿ.

ಗುಂಡು ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಕೆಳಗೆ ಬೀಳತೊಡಗುತ್ತದೆ, ಕೈಬಿಟ್ಟ ಕಲ್ಲಿನಂತೆಯೇ. 200 ಮೀಟರ್ ಹೋಗುವಷ್ಟರಲ್ಲಿ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, .275ರ ಗುಂಡು 29 ಸೆಂಟಿಮೀಟರ್ ಇಳಿದಿರುತ್ತದೆ; .405ರದು 44. ಗಾಳಿಯ ತಡೆಯನ್ನೂ ಸೇರಿಸಿದರೆ ಮೊಂಡು ಮೂತಿಯ .405 ಇನ್ನೂ ಹಿಂದೆ ಬೀಳುತ್ತದೆ. ಬಯಲಿನ ಕೃಷ್ಣಮೃಗದ ಎದೆಗೂಡು ಒಂದು ಗೇಣಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ದೂರವನ್ನು ಅಂದಾಜು ಮಾಡುವಲ್ಲಿ ಸ್ವಲ್ಪ ತಪ್ಪಿದರೂ ನಿಧಾನದ ಗುಂಡು ಎದೆಯ ಬದಲು ಕಾಲನ್ನು ಮುರಿಯುತ್ತದೆ. (ಕೃಷ್ಣಮೃಗ ಜೀವಶಾಸ್ತ್ರದ ಲೆಕ್ಕದಲ್ಲಿ ಜಿಂಕೆಯಲ್ಲ, ಜಿಂಕೆ ಕೊಂಬನ್ನು ಉದುರಿಸುತ್ತದೆ, ಅದು ಉದುರಿಸುವುದಿಲ್ಲ. ಬೇಟೆಗಾರರಿಗೆ ಈ ಭೇದ ಬೇಕಿರಲಿಲ್ಲ.)

ಈಗ ಅದೇ ಲೆಕ್ಕವನ್ನು ಸಕಲೇಶಪುರದ ಹಳುವಿಗೆ ಒಯ್ಯಿರಿ. ಅಲ್ಲಿ ದೂರ 50 ಮೀಟರ್ ಎಂದರೆ ಹೆಚ್ಚೇ. ಆ ದೂರದಲ್ಲಿ ಒಂದರ ಇಳಿತ 1.8 ಸೆಂಟಿಮೀಟರ್, ಇನ್ನೊಂದರದು 2.7. ವೇಗದಿಂದ ಬಂದ ಲಾಭ ಒಂದು ಸೆಂಟಿಮೀಟರೂ ಇಲ್ಲ! ಇಲ್ಲಿ ಎದುರಾಗುವುದು ನಲವತ್ತು ಕಿಲೋ ತೂಗುವ ಕೃಷ್ಣಮೃಗವಲ್ಲ, 200 ಕಿಲೋ ಮೀರುವ ಕಡವೆ. ದೊಡ್ಡ ಗುಂಡು ಮಾಡುವ ದೊಡ್ಡ ರಂಧ್ರ, ಹೆಚ್ಚು ರಕ್ತದ ಜಾಡು, ಎರಡನೆಯ ಈಡನ್ನು ಕೂಡಲೇ ಹಾರಿಸಬಲ್ಲ ಸನ್ನೆಯ ರೈಫಲ್ ಇಲ್ಲಿ ಬೆಲೆಬಾಳುತ್ತವೆ. ಭಾರದ ಗುಂಡು ಪೊದೆಯನ್ನು ಸೀಳಿಕೊಂಡು ನೇರ ಹೋಗುತ್ತದೆ ಎಂಬ ನಂಬಿಕೆ ಮಾತ್ರ ಪರೀಕ್ಷೆಗಳಲ್ಲಿ ನಿಂತಿಲ್ಲ. ಕಡ್ಡಿ ತಾಗಿದರೆ ಯಾವ ಗುಂಡಾದರೂ ದಾರಿ ಬಿಡುತ್ತದೆ. ಇದಕ್ಕೆ ತೆರಬೇಕಾದ ಬೆಲೆಯನ್ನು ನ್ಯೂಟನ್ನನ ಮೂರನೆಯ ನಿಯಮ ಹೇಳುತ್ತದೆ. 4 ಕಿಲೋ ರೈಫಲ್ ಆದರೆ, ಗುಂಡಿನ ಆವೇಗವೊಂದನ್ನೇ ಹಿಡಿದರೂ, .405 ಭುಜಕ್ಕೆ ಸೆಕೆಂಡಿಗೆ 3 ಮೀಟರಿಗೂ ಮಿಕ್ಕ ವೇಗದಲ್ಲಿ ಒದೆಯುತ್ತದೆ; .275 ಎರಡು ಮೀಟರಿಗೂ ಕಡಿಮೆ. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಕುದುರೆ ಎಳೆದವನ ಕೈಯಲ್ಲಿ 4,350 ಜೌಲ್ ಇದ್ದೇನು ಫಲ?

ಇಷ್ಟಾದರೂ ಮೃಗವನ್ನು ಕೊಲ್ಲುವುದು ಜೌಲ್ ಅಲ್ಲ. ಹೃದಯಕ್ಕೋ ಶ್ವಾಸಕೋಶಕ್ಕೋ ಗುಂಡು ತಾಗಿ ಮಿದುಳಿಗೆ ರಕ್ತ ನಿಂತಾಗ ಅದು ಬೀಳುತ್ತದೆ. ಹೊಟ್ಟೆಗೆ ತಾಗಿದರೆ ಕಾಡಿನೊಳಕ್ಕೆ ಓಡಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಯಾವ ಷಿಕಾರಿ ಪುಸ್ತಕದಲ್ಲೂ ಇವುಗಳ ಲೆಕ್ಕ ಇರುವುದಿಲ್ಲ, ಫೋಟೋವಂತೂ ಇಲ್ಲ. ತೋಟಾಗಳ ಬಗೆಗಿನ ವಾದಗಳನ್ನೆಲ್ಲ ಓದಿದ ಮೇಲೆ ನನಗನ್ನಿಸುವುದು ಇಷ್ಟು: ವೇಗವೋ ತೂಕವೋ ಎಂಬುದು ಹೊರಗಿನ ಪ್ರಶ್ನೆ, ಬೀಳದೆ ಓಡಿಹೋದ ಜಿಂಕೆ ಒಳಗಿನ ಪ್ರಶ್ನೆ.

ಇಲ್ಲಿ ಒಂದು ವಿಚಿತ್ರವನ್ನು ನೋಡಿ. ತಾಮ್ರ ಮಿಶ್ರಲೋಹದ ಕವಚವನ್ನು ಪೂರ್ತಿ ಹೊದ್ದ ಗುಂಡು ಮೈಯನ್ನು ಸಣ್ಣ ತೂತು ಮಾಡಿ ಆಚೆ ಹೋಗಿಬಿಡುತ್ತದೆ. ಮೂತಿಯಲ್ಲಿ ಸೀಸವನ್ನು ತೆರೆದಿಟ್ಟ ಗುಂಡು ಒಳಗೆ ಅಣಬೆಯಂತೆ ಅರಳಿ ಘೋರ ಗಾಯ ಮಾಡುತ್ತದೆ. 1890ರ ದಶಕದಲ್ಲಿ ಕಲ್ಕತ್ತಾ ಬಳಿಯ ದಮ್ ದಮ್ ಕಾರ್ಖಾನೆಯಲ್ಲಿ ಇಂಥ ಗುಂಡುಗಳನ್ನು ಬ್ರಿಟಿಷ್ ಸೈನ್ಯಕ್ಕಾಗಿ ತಯಾರಿಸಿದರು. ಆ ಊರಿನ ಹೆಸರೇ ಜಗತ್ತಿನ ಭಾಷೆಗಳಿಗೆ ಹೋಯಿತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅವನ್ನು ನಿಷೇಧಿಸಿತು. ಬ್ರಿಟನ್ ಅದನ್ನು ಒಪ್ಪಿದ್ದು 1907ರಲ್ಲಿ. ಆದರೆ ಜಿಂಕೆಯ ಬೇಟೆಗೆ ಬಲ್ಲವರು ಆರಿಸುತ್ತಿದ್ದದ್ದು ಆ ಅರಳುವ ಗುಂಡನ್ನೇ! ಸೈನಿಕನಿಗೆ ಅದು ಕ್ರೌರ್ಯ, ಜಿಂಕೆಗೆ ಅದೇ ಕರುಣೆ. ಗಾಯಗೊಂಡ ಸೈನಿಕನಿಗೆ ಆಸ್ಪತ್ರೆಯಿದೆ, ಬದುಕುವ ಹಕ್ಕಿದೆ. ಗಾಯಗೊಂಡ ಜಿಂಕೆಗೆ ಬೇಗ ಸಾಯುವುದೊಂದೇ ಉಳಿದಿರುವುದು. ಒಂದೇ ವಸ್ತುವಿಗೆ ಎರಡು ನೀತಿ ಏಕೆ ಎಂದು ತರಗತಿಯಲ್ಲಿ ಚರ್ಚಿಸಿ ನೋಡಿ.

ಆಯ್ಕೆ ಪೂರ್ತಿಯಾಗಿ ಬೇಟೆಗಾರನ ಕೈಯಲ್ಲೇ ಇತ್ತೆಂದು ತಿಳಿಯಬಾರದು. 1857ರ ದಂಗೆಯ ನಂತರ ಸರ್ಕಾರ ಜನರ ಕೈಯಿಂದ ಆಯುಧಗಳನ್ನು ಕಿತ್ತುಕೊಂಡಿತು. 1878ರ ಆಯುಧ ಕಾಯ್ದೆ ಪರವಾನಗಿಯ ಪದ್ಧತಿಯನ್ನು ಬಿಗಿಮಾಡಿತು. ನೆರೆಯ ಕೊಡವರಿಗೆ ಮಾತ್ರ 1861ರಿಂದ ವಿನಾಯಿತಿ ದೊರೆತಿತ್ತು. ಮುಂದೆ, ಸೈನ್ಯದ ತೋಟಾ ಕದ್ದರೂ ಖಾಸಗಿ ಬಂದೂಕಿಗೆ ಹೊಂದಬಾರದೆಂಬ ಲೆಕ್ಕಾಚಾರದಿಂದ, ಮಾರ್ಟಿನಿ-ಹೆನ್ರಿ ರೈಫಲಿನ .450 ಅಳತೆಯನ್ನೂ ಸೈನ್ಯದ .303 ಅನ್ನೂ ಭಾರತದಲ್ಲಿ ಸಾಮಾನ್ಯರಿಗೆ ನಿರ್ಬಂಧಿಸಿದರು. ಲಂಡನ್ನಿನ ಬಂದೂಕು ತಯಾರಕರು ಸುಮ್ಮನಿರಲಿಲ್ಲ. ಕೂದಲೆಳೆಯಷ್ಟು ಬೇರೆಯಾದ .465, .470 ಅಳತೆಗಳನ್ನು ಹುಟ್ಟಿಸಿದರು. ಅಧಿಕಾರಿಗಳು, ಪ್ಲಾಂಟರುಗಳು, ರಾಜಮನೆತನದವರು ಅವನ್ನು ಕೊಂಡರು. ಸ್ವತಂತ್ರ ಭಾರತದಲ್ಲೂ ಈ ತತ್ತ್ವ ಉಳಿಯಿತು. ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆ ನಾಗರಿಕರಿಗಾಗಿ ಮಾಡಿದ .315 ರೈಫಲಿನ ತೋಟಾ ಮೂಲತಃ ಆಸ್ಟ್ರಿಯಾದ ಹಳೆಯ ಮ್ಯಾನ್‌ಲಿಕರ್ ತೋಟಾ. ನಮ್ಮ ತೋಟದ ಮಾಲೀಕರ ಮನೆಗಳ ಗೋಡೆಗೆ ಆಸ್ಟ್ರಿಯಾದ ತೋಟಾ ಬಂದದ್ದು ಅದು ಜಿಂಕೆಗೆ ಅತ್ಯುತ್ತಮ ಎಂದಲ್ಲ, ಸಿಪಾಯಿಯ ರೈಫಲಿಗೆ ಹೊಂದುವುದಿಲ್ಲ ಎಂದು.

ಇನ್ನು ರೈಫಲೇ ಇಲ್ಲದವರು? ಅವರೇ ಹೆಚ್ಚು. ಆಲೂರು ಸೀಮೆಯ ಗದ್ದೆಯ ರೈತನಿಗೆ ಬೆಳೆ ರಕ್ಷಣೆಗೆಂದು ಪರವಾನಗಿ ಸಿಗುತ್ತಿದ್ದದ್ದು 12 ಬೋರಿನ ನಳಿಗೆ ಕೋವಿಗೆ. (ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಹೊಂದುವ 12 ಗುಂಡುಗಳಾಗಬೇಕು, ಅದೇ 12 ಬೋರ್. ಸೀಸದ ಸಾಂದ್ರತೆ 11.34 ಎಂದು ಹಿಡಿದು ನಳಿಗೆಯ ವ್ಯಾಸವನ್ನು ನೀವೇ ಕಂಡುಕೊಳ್ಳಿ, 18.5 ಮಿಲಿಮೀಟರ್ ಬರಬೇಕು.) ಅವನ ಮುಂದಿದ್ದ ಎರಡು ತೋಟಾಗಳು ಬೇರೆ: ಒಂಟಿ ಗುಂಡು, ಇಲ್ಲವೇ ಎಲ್.ಜಿ. ಎಂಬ ದಪ್ಪ ಚರೆ. ಎಲ್.ಜಿ. ತೋಟಾದಲ್ಲಿ ಸುಮಾರು 9 ಮಿಲಿಮೀಟರ್ ದಪ್ಪದ ಏಳೆಂಟು ಸೀಸದ ಉಂಡೆಗಳಿರುತ್ತವೆ. ಏಳೆಂಟರಲ್ಲಿ ಒಂದಾದರೂ ತಾಗೀತು ಎಂಬ ಆಸೆ ಸಹಜ. ಆದರೆ ಚರೆ ಹೋದಂತೆಲ್ಲ ಹರಡುತ್ತದೆ. 40 ಮೀಟರಿನಲ್ಲಿ ಅದರ ವೃತ್ತ ಹೆಚ್ಚುಕಡಿಮೆ ಒಂದು ಮೀಟರ್ ಅಗಲ. ಜಿಂಕೆಯ ಎದೆಯ ಮರ್ಮಸ್ಥಾನ 25 ಸೆಂಟಿಮೀಟರ್ ಎನ್ನಿ. ಕ್ಷೇತ್ರಫಲ ಹದಿನಾರನೆಯ ಒಂದು ಪಾಲು. ಎಂಟು ಚರೆ ಸಮನಾಗಿ ಹರಡಿದರೆ ಮರ್ಮಕ್ಕೆ ಸರಾಸರಿ ಅರ್ಧ ಚರೆ! ನಡುವೆ ಸ್ವಲ್ಪ ದಟ್ಟವಾಗಿರುತ್ತದೆ, ನಿಜ. ಆದರೂ ಉಳಿದವು ಹೊಟ್ಟೆ, ತೊಡೆ, ದವಡೆಗಳಿಗೆ. ಒಂದೊಂದರ ಶಕ್ತಿ ನಳಿಗೆಯ ಬಾಯಲ್ಲೇ 350 ಜೌಲ್ ಮುಟ್ಟುವುದಿಲ್ಲ. ಹದಿನೈದು ಮೀಟರಿನೊಳಗೆ ಇದೇ ತೋಟಾ ಮೂರು ಚರೆಗಳನ್ನು ಒಟ್ಟಿಗೆ ಮರ್ಮಕ್ಕೆ ಇಳಿಸಬಲ್ಲದು. ಆದರೆ ಹಳು ನುಗ್ಗಿದವರ ಕೂಗಿಗೆ ಹೆದರಿ ಹಾರುವ ಜಿಂಕೆ ಹದಿನೈದು ಮೀಟರಿಗೆ ಬಂದು ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ ನಮ್ಮ ಕಾಡುಗಳಲ್ಲಿ ಅತಿ ಹೆಚ್ಚು ನೋವು ಬಿತ್ತಿದ ತೋಟಾ ಇದೇ. ರೈತನ ಕ್ರೌರ್ಯದಿಂದಲ್ಲ, ಬೇರೆ ಬಂದೂಕು ಅವನ ಕೈಗೆಟುಕದ್ದರಿಂದ.

ಕಾನೂನು ಈ ವಿಷಯಕ್ಕೆ ಬಂದದ್ದು ನಿಧಾನವಾಗಿ. ಮೈಸೂರು ಸಂಸ್ಥಾನದಲ್ಲಿ 1901ರ ಬೇಟೆ ಮತ್ತು ಮೀನು ಸಂರಕ್ಷಣಾ ರೆಗ್ಯುಲೇಷನ್ ಬೇಟೆಯನ್ನು ಸರ್ಕಾರದ ನಿಯಮಕ್ಕೆ ಒಳಪಡಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಪೂರ್ತಿ ನಿಲ್ಲಿಸಿತೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಕೃಷ್ಣಮೃಗವನ್ನು ಮೊದಲನೆಯ ಷೆಡ್ಯೂಲಿನಲ್ಲಿಟ್ಟು ಪೂರ್ಣ ರಕ್ಷಣೆ ಕೊಟ್ಟ ಆ ಕಾಯ್ದೆ, ಚುಕ್ಕೆ ಜಿಂಕೆ, ಕಡವೆಗಳನ್ನು ಪರವಾನಗಿ ಪಡೆದು ಹೊಡೆಯಬಹುದಾದ ದೊಡ್ಡ ಬೇಟೆಯ ಪಟ್ಟಿಗೆ ಸೇರಿಸಿತ್ತು. ಅದರ 17ನೆಯ ಸೆಕ್ಷನ್ನಿನಲ್ಲಿ ನಮ್ಮ ಪ್ರಶ್ನೆಗೆ ನೇರ ಉತ್ತರವೇ ಇತ್ತು: ದೊಡ್ಡ ಬೇಟೆಯನ್ನು ರೈಫಲಿನಿಂದ ಮಾತ್ರ ಹೊಡೆಯಬೇಕು, ನಳಿಗೆ ಕೋವಿ ಬಳಸಬೇಕಾದರೆ ಪರವಾನಗಿಯಲ್ಲಿ ವಿಶೇಷ ಅನುಮತಿ ಇರಬೇಕು, ಅದೂ ಒಂಟಿ ಗುಂಡಿನಿಂದ. ಚರೆಯನ್ನು ಹೊರಗಿಟ್ಟಾಯಿತು. ರಾತ್ರಿ ಬೇಟೆ, ಕೃತಕ ಬೆಳಕು, ವಾಹನದ ಮೇಲಿನಿಂದ ಹೊಡೆಯುವುದು ಇವೆಲ್ಲವೂ ಅದೇ ಸೆಕ್ಷನ್ನಿನಲ್ಲಿ ನಿಷಿದ್ಧ.

ವಿಜ್ಞಾನದ ದೃಷ್ಟಿಯಿಂದ ಈ ನಿಯಮದಲ್ಲಿ ತಪ್ಪು ಹುಡುಕಲಾಗದು. ಮೇಲಿನ ಲೆಕ್ಕಗಳೇ ಅದಕ್ಕೆ ಸಾಕ್ಷಿ. ಇತಿಹಾಸದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಮುಖ ಕಾಣುತ್ತದೆ. ರೈಫಲ್ ಇದ್ದವನು ಪರವಾನಗಿ ಪಡೆದ ಬೇಟೆಗಾರ, 12 ಬೋರಿನಲ್ಲಿ ಚರೆ ತುಂಬಿದವನು ಕಳ್ಳಬೇಟೆಗಾರ. ಯಾರ ಕೈಗೆ ಯಾವ ಬಂದೂಕು ಬರಬೇಕೆಂದು 1878ರಿಂದ ತೀರ್ಮಾನಿಸುತ್ತ ಬಂದದ್ದೂ ಸರ್ಕಾರವೇ. ಜಿಂಕೆಯ ಪರವಾದ ನಿಯಮ ಮತ್ತು ಉಳ್ಳವರ ಪರವಾದ ನಿಯಮ ಇಲ್ಲಿ ಒಂದೇ ವಾಕ್ಯದಲ್ಲಿ ಕೂತಿದ್ದವು; ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಲು ದಾರಿಯಿರಲಿಲ್ಲ.

1991ರ ತಿದ್ದುಪಡಿ ಈ ಗಂಟನ್ನು ಬಿಚ್ಚಲಿಲ್ಲ, ಕತ್ತರಿಸಿತು. ಪರವಾನಗಿ ಬೇಟೆಯೇ ರದ್ದಾಯಿತು. ಅದರೊಡನೆ 17ನೆಯ ಸೆಕ್ಷನ್ ಕೂಡ ಪುಸ್ತಕದಿಂದ ಹೋಯಿತು. ಕಡೂರು ಬಳಿಯ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಯಿತು. ಮಲೆನಾಡಿನ ಬೆಳೆ ರಕ್ಷಣೆಯ ಕೋವಿಗಳು ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಹೋಗಿ, ಮುಗಿದ ಮೇಲೆ ಮನೆಗೆ ಮರಳುತ್ತವೆ. ಎಲ್.ಜಿ. ತೋಟಾ ಈಗ ಜಿಂಕೆಯ ಸಂಗಡ ಕಾಣಿಸಿಕೊಳ್ಳುವುದು ಮೊಕದ್ದಮೆಗಳಲ್ಲಿ: ಕಳ್ಳಬೇಟೆಯ ಜಾಗದಲ್ಲಿ ಬಿದ್ದಿದ್ದ ಖಾಲಿ ಕೊಳವೆಯ ಬುಡದಲ್ಲಿ ಕೋವಿಯ ಮೊಳೆ ಬಡಿದ ಗುರುತನ್ನು ನ್ಯಾಯವಿಜ್ಞಾನ ಪ್ರಯೋಗಾಲಯದ ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದು ಯಾವ ಕೋವಿಯಿಂದ ಹಾರಿತೆಂದು ಹುಡುಕುತ್ತಾರೆ.