ಮೊಸಿಪ್

ಮೊಸಿಪ್ ಎಂಬುದು ದೇಶವೊಂದು ತನ್ನ ನಿವಾಸಿಗಳಿಗೆ ಡಿಜಿಟಲ್ ಗುರುತಿನ ಸಂಖ್ಯೆಯನ್ನು ನೀಡಲು ಬಳಸಬಹುದಾದ ಮುಕ್ತ ಆಕರ ತಂತ್ರಾಂಶ ವೇದಿಕೆ. ಮಾಡ್ಯುಲರ್ ಓಪನ್ ಸೋರ್ಸ್ ಐಡೆಂಟಿಟಿ ಪ್ಲಾಟ್‌ಫಾರ್ಮ್ ಎಂಬುದರ ಸಂಕ್ಷಿಪ್ತ ರೂಪವೇ ಈ ಹೆಸರು. ಇದನ್ನು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು (ಐಐಐಟಿ ಬೆಂಗಳೂರು) 2018ರಲ್ಲಿ ಆರಂಭಿಸಿತು. ಫಿಲಿಪ್ಪೀನ್ಸ್, ಮೊರಾಕೊ, ಇಥಿಯೋಪಿಯ ಮೊದಲಾದ ದೇಶಗಳ ಸರ್ಕಾರಗಳು ತಮ್ಮ ರಾಷ್ಟ್ರೀಯ ಗುರುತಿನ ಯೋಜನೆಗಳಿಗೆ ಇದನ್ನು ಆಧಾರವಾಗಿ ಬಳಸಿಕೊಂಡಿವೆ. ವಿಶ್ವವಿದ್ಯಾಲಯವೊಂದು ರೂಪಿಸಿದ ತಂತ್ರಾಂಶವನ್ನು ಸರ್ಕಾರಗಳು ಪರವಾನಗಿ ಶುಲ್ಕವಿಲ್ಲದೆ ಪಡೆದು, ತಮ್ಮ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದು ಈ ಯೋಜನೆಯ ವೈಶಿಷ್ಟ್ಯ.

ಹಿನ್ನೆಲೆ

ಜನನ ಪ್ರಮಾಣಪತ್ರವಾಗಲಿ ಗುರುತಿನ ಚೀಟಿಯಾಗಲಿ ಇಲ್ಲದ ವ್ಯಕ್ತಿಗೆ ಶಾಲೆಯ ಪ್ರವೇಶ, ಬ್ಯಾಂಕ್ ಖಾತೆ, ಪಿಂಚಣಿ, ಪಡಿತರ, ಮತದಾನ ಇವೆಲ್ಲವೂ ದುರ್ಲಭವಾಗುತ್ತವೆ. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳ ಪೈಕಿ 16.9ನೆಯ ಉಪಗುರಿಯು, ಜನನ ನೋಂದಣಿಯೂ ಸೇರಿದಂತೆ ಕಾನೂನುಬದ್ಧ ಗುರುತನ್ನು 2030ರೊಳಗೆ ಎಲ್ಲರಿಗೂ ಒದಗಿಸಬೇಕೆಂದು ಹೇಳುತ್ತದೆ. ವಿಶ್ವಬ್ಯಾಂಕಿನ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 85 ಕೋಟಿ ಜನರಿಗೆ ಅಧಿಕೃತ ಗುರುತಿನ ದಾಖಲೆ ಇಲ್ಲ. ಇವರಲ್ಲಿ ಹೆಚ್ಚಿನವರು ಆಫ್ರಿಕ ಮತ್ತು ದಕ್ಷಿಣ ಏಷ್ಯದ ಬಡ ದೇಶಗಳವರು.

ಇಂತಹ ದೇಶಗಳು ಗುರುತಿನ ವ್ಯವಸ್ಥೆಯನ್ನು ಕಟ್ಟಲು ಹೊರಟಾಗ ಸಾಮಾನ್ಯವಾಗಿ ಖಾಸಗಿ ಕಂಪನಿಗಳಿಂದ ಸಿದ್ಧ ತಂತ್ರಾಂಶವನ್ನು ಕೊಳ್ಳಬೇಕಾಗುತ್ತಿತ್ತು. ಆ ತಂತ್ರಾಂಶದ ಆಕರ ಸಂಕೇತವು ಕೊಂಡವರಿಗೆ ಕಾಣುವುದಿಲ್ಲ. ದತ್ತಾಂಶವನ್ನು ಶೇಖರಿಸುವ ವಿಧಾನ ಆ ಕಂಪನಿಗೆ ಮಾತ್ರ ತಿಳಿದಿರುತ್ತದೆ. ಹೀಗಾಗಿ ಒಮ್ಮೆ ಒಂದು ಕಂಪನಿಯನ್ನು ಆಯ್ದುಕೊಂಡ ಸರ್ಕಾರವು ನಿರ್ವಹಣೆ, ವಿಸ್ತರಣೆ ಮತ್ತು ಬದಲಾವಣೆಗಳಿಗೆಲ್ಲ ಅದೇ ಕಂಪನಿಯನ್ನು ಅವಲಂಬಿಸಬೇಕಾಗುತ್ತದೆ. ಬೇರೆ ಕಂಪನಿಗೆ ಬದಲಾಗುವುದು ಬಹಳ ವೆಚ್ಚದ ಕೆಲಸವಾಗುತ್ತದೆ.

ಭಾರತದಲ್ಲಿ 2009ರಲ್ಲಿ ಸ್ಥಾಪನೆಯಾದ ವಿಶಿಷ್ಟ ಗುರುತು ಪ್ರಾಧಿಕಾರವು ಆಧಾರ್ ಯೋಜನೆಯನ್ನು ಕೈಗೊಂಡಿತು. ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ಟೆಂಭ್ಲಿ ಗ್ರಾಮದಲ್ಲಿ ನೀಡಲಾಯಿತು. ನೂರು ಕೋಟಿಗೂ ಹೆಚ್ಚು ಜನರನ್ನು ಒಳಗೊಂಡ ಈ ಯೋಜನೆಯ ಅನುಭವವು ಅನ್ಯ ದೇಶಗಳ ಆಸಕ್ತಿಯನ್ನು ಸೆಳೆಯಿತು. ಆದರೆ ಆಧಾರ್‌ನ ತಂತ್ರಾಂಶವು ಸಾರ್ವಜನಿಕವಾಗಿ ಮುಕ್ತವಾಗಿಲ್ಲ. ಭಾರತದ ಕಾನೂನು ಮತ್ತು ಆಡಳಿತಕ್ಕೆ ಹೊಂದುವಂತೆ ಅದನ್ನು ರೂಪಿಸಲಾಗಿದೆ. ಯಾವ ದೇಶವೂ ಬಳಸಬಹುದಾದ, ಎಲ್ಲರೂ ಪರಿಶೀಲಿಸಬಹುದಾದ ಹೊಸ ತಂತ್ರಾಂಶವನ್ನು ಬೇರೆಯಾಗಿಯೇ ಬರೆಯುವ ಉದ್ದೇಶದಿಂದ ಮೊಸಿಪ್ ರೂಪುಗೊಂಡಿತು. ಆದ್ದರಿಂದ ಇದನ್ನು ಆಧಾರ್‌ನ ಪ್ರತಿ ಎಂದು ತಿಳಿಯುವುದು ಸರಿಯಲ್ಲ.

ಸಂಸ್ಥೆ ಮತ್ತು ಸ್ಥಳ

ಐಐಐಟಿ ಬೆಂಗಳೂರು 1999ರಲ್ಲಿ ಕರ್ನಾಟಕ ಸರ್ಕಾರ ಮತ್ತು ಮಾಹಿತಿ ತಂತ್ರಜ್ಞಾನ ಉದ್ಯಮಗಳ ಜಂಟಿ ಬೆಂಬಲದಿಂದ ಸ್ಥಾಪನೆಯಾಯಿತು. ಲಾಭದ ಉದ್ದೇಶವಿಲ್ಲದ ಸೊಸೈಟಿಯಾಗಿ ನೋಂದಣಿಗೊಂಡಿರುವ ಇದು ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಪಡೆದಿದೆ. ಪ್ರೊ. ಎಸ್. ಸಡಗೋಪನ್ ಇದರ ಸ್ಥಾಪಕ ನಿರ್ದೇಶಕರು. ಆರಂಭದಲ್ಲಿ ವೈಟ್‌ಫೀಲ್ಡ್‌ನ ಐಟಿಪಿಎಲ್ ಆವರಣದಲ್ಲಿದ್ದ ಸಂಸ್ಥೆಯು ಅನಂತರ ನಗರದ ದಕ್ಷಿಣ ಅಂಚಿನ ಎಲೆಕ್ಟ್ರಾನಿಕ್ಸ್ ಸಿಟಿಗೆ ಸ್ಥಳಾಂತರಗೊಂಡಿತು. ಜಯನಗರದ ಆರ್.ವಿ. ರಸ್ತೆಯಿಂದ ಬಿಟಿಎಂ ಲೇಔಟ್ ಮತ್ತು ಸಿಲ್ಕ್ ಬೋರ್ಡ್ ಮೂಲಕ ಬೊಮ್ಮಸಂದ್ರಕ್ಕೆ ಸಾಗುವ ನಮ್ಮ ಮೆಟ್ರೊದ ಹಳದಿ ಮಾರ್ಗವು 2025ರ ಆಗಸ್ಟ್‌ನಲ್ಲಿ ಉದ್ಘಾಟನೆಗೊಂಡ ಮೇಲೆ ಈ ಪ್ರದೇಶಕ್ಕೆ ದಕ್ಷಿಣ ಬೆಂಗಳೂರಿನಿಂದ ನೇರ ರೈಲು ಸಂಪರ್ಕ ದೊರೆತಿದೆ.

ಮೊಸಿಪ್ ಯೋಜನೆಗೆ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನ, ಟಾಟಾ ಟ್ರಸ್ಟ್ಸ್ ಮತ್ತು ಒಮಿಡ್ಯಾರ್ ನೆಟ್‌ವರ್ಕ್ ಸಂಸ್ಥೆಗಳು ಧನಸಹಾಯ ನೀಡಿದವು. ಮುಂದೆ ನಾರ್ವೆಯ ಅಭಿವೃದ್ಧಿ ಸಹಕಾರ ಸಂಸ್ಥೆಯಾದ ನೊರಾಡ್ ಕೂಡ ನೆರವು ನೀಡಿತು.

ಸಹಭಾಗಿತ್ವದ ಸ್ವರೂಪ

ಮೊಸಿಪ್ ಬಳಸಲು ಬಯಸುವ ದೇಶವು ಸಾಮಾನ್ಯವಾಗಿ ಐಐಐಟಿ ಬೆಂಗಳೂರಿನೊಡನೆ ಒಡಂಬಡಿಕೆ ಮಾಡಿಕೊಳ್ಳುತ್ತದೆ. ಈ ವ್ಯವಸ್ಥೆಯಲ್ಲಿ ಕೆಲಸಗಳು ಸ್ಪಷ್ಟವಾಗಿ ಹಂಚಿಕೆಯಾಗಿವೆ.

ವಿಶ್ವವಿದ್ಯಾಲಯವು ಮೂಲ ತಂತ್ರಾಂಶವನ್ನು ಬರೆದು, ಪರೀಕ್ಷಿಸಿ, ಹೊಸ ಆವೃತ್ತಿಗಳನ್ನು ಹೊರತರುತ್ತದೆ; ಬಳಸುವ ದೇಶದ ತಜ್ಞರಿಗೆ ತರಬೇತಿಯನ್ನೂ ಸಲಹೆಯನ್ನೂ ನೀಡುತ್ತದೆ. ಸರ್ಕಾರವು ಕಾನೂನು ರೂಪಿಸುವುದು, ಯಾರಿಗೆ ಸಂಖ್ಯೆ ನೀಡಬೇಕು, ಯಾವ ವಿವರಗಳನ್ನು ಪಡೆಯಬೇಕು ಎಂಬುದನ್ನು ತೀರ್ಮಾನಿಸುವುದು, ನೋಂದಣಿ ಕೇಂದ್ರಗಳನ್ನು ನಡೆಸುವುದು ಈ ಹೊಣೆಗಳನ್ನು ಹೊರುತ್ತದೆ. ಸರ್ಕಾರವೇ ಆಯ್ಕೆ ಮಾಡಿದ ಖಾಸಗಿ ಕಂಪನಿಗಳು ತಂತ್ರಾಂಶವನ್ನು ಅಳವಡಿಸಿ ನಿರ್ವಹಿಸುತ್ತವೆ ಹಾಗೂ ಬೆರಳಚ್ಚು ಮತ್ತು ಕಣ್ಣಿನ ಪಾಪೆ ಸೆರೆಹಿಡಿಯುವ ಯಂತ್ರಗಳನ್ನು ಪೂರೈಸುತ್ತವೆ. ಸಂಗ್ರಹವಾದ ದತ್ತಾಂಶವು ಆಯಾ ದೇಶದ ಸರ್ಕಾರದ ವಶದಲ್ಲಿಯೇ ಇರುತ್ತದೆ. ಅದು ಬೆಂಗಳೂರಿಗೆ ಬರುವುದಿಲ್ಲ.

ತಂತ್ರಾಂಶದ ರಚನೆ

ಮೊಸಿಪ್ ಒಂದೇ ದೊಡ್ಡ ತಂತ್ರಾಂಶವಲ್ಲ. ಪ್ರತ್ಯೇಕವಾಗಿ ಕೆಲಸ ಮಾಡಬಲ್ಲ ಹಲವು ಘಟಕಗಳ ಜೋಡಣೆ. ದೇಶವೊಂದು ತನಗೆ ಬೇಕಾದ ಘಟಕಗಳನ್ನು ಮಾತ್ರ ಆರಿಸಿಕೊಳ್ಳಬಹುದು. ಇದರ ಬಹುಭಾಗವನ್ನು ಜಾವಾ ಭಾಷೆಯಲ್ಲಿ ಬರೆಯಲಾಗಿದೆ. ಮುಖ್ಯ ಘಟಕಗಳು ಇವು:

ಪೂರ್ವನೋಂದಣಿ: ನಿವಾಸಿಯು ಅಂತರಜಾಲದಲ್ಲಿ ತನ್ನ ಹೆಸರು, ವಿಳಾಸ ಮುಂತಾದ ವಿವರಗಳನ್ನು ಮುಂಚಿತವಾಗಿ ತುಂಬಿ, ಕೇಂದ್ರಕ್ಕೆ ಬರುವ ದಿನ ಮತ್ತು ಸಮಯವನ್ನು ಗೊತ್ತುಪಡಿಸಿಕೊಳ್ಳುವ ಸೌಲಭ್ಯ.

ನೋಂದಣಿ: ಕೇಂದ್ರದ ಸಿಬ್ಬಂದಿಯು ವಿವರಗಳನ್ನೂ ದಾಖಲೆಗಳನ್ನೂ ಬೆರಳಚ್ಚು, ಕಣ್ಣಿನ ಪಾಪೆ ಮತ್ತು ಮುಖದ ಚಿತ್ರವನ್ನೂ ಪಡೆಯುವ ಘಟ್ಟ. ಅಂತರಜಾಲ ಸಂಪರ್ಕವಿಲ್ಲದ ಹಳ್ಳಿಯಲ್ಲಿಯೂ ಇದು ಕೆಲಸ ಮಾಡುತ್ತದೆ. ಪಡೆದ ಮಾಹಿತಿಯನ್ನು ಗೂಢಲಿಪೀಕರಿಸಿ ಯಂತ್ರದಲ್ಲಿಯೇ ಇರಿಸಿ, ಸಂಪರ್ಕ ದೊರೆತಾಗ ಕೇಂದ್ರ ವ್ಯವಸ್ಥೆಗೆ ಕಳುಹಿಸಲಾಗುತ್ತದೆ. ಬೆರಳಿಲ್ಲದವರು ಮತ್ತು ದೃಷ್ಟಿದೋಷವುಳ್ಳವರ ನೋಂದಣಿಗೆ ವಿನಾಯಿತಿಯ ಕ್ರಮವಿದೆ. ಮಕ್ಕಳ ನೋಂದಣಿಗೆ ತಂದೆತಾಯಿ ಅಥವಾ ಪೋಷಕರ ದೃಢೀಕರಣ ಪಡೆಯಲಾಗುತ್ತದೆ.

ಸಂಸ್ಕರಣೆ: ಬಂದ ಮಾಹಿತಿಯನ್ನು ಪರಿಶೀಲಿಸಿ, ಒಬ್ಬನೇ ವ್ಯಕ್ತಿ ಎರಡು ಬಾರಿ ನೋಂದಾಯಿಸಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳುವ ಘಟ್ಟ. ಬೆರಳಚ್ಚುಗಳನ್ನು ಪರಸ್ಪರ ಹೋಲಿಸುವ ತಂತ್ರಾಂಶವು ಮೊಸಿಪ್‌ನ ಭಾಗವಲ್ಲ. ಅದನ್ನು ದೇಶಗಳು ಹೊರಗಿನಿಂದ ಪಡೆದು ಜೋಡಿಸಿಕೊಳ್ಳುತ್ತವೆ. ಪರಿಶೀಲನೆ ಮುಗಿದ ಮೇಲೆ ವ್ಯಕ್ತಿಗೆ ಒಂದು ವಿಶಿಷ್ಟ ಸಂಖ್ಯೆ ದೊರೆಯುತ್ತದೆ. ಈ ಸಂಖ್ಯೆಯಿಂದ ವ್ಯಕ್ತಿಯ ಊರು, ಲಿಂಗ, ವಯಸ್ಸು, ಜನಾಂಗ ಯಾವುದೂ ತಿಳಿಯಬಾರದೆಂಬ ಕಾರಣಕ್ಕೆ ಅದನ್ನು ಯಾದೃಚ್ಛಿಕವಾಗಿ ಆರಿಸಲಾಗುತ್ತದೆ.

ದೃಢೀಕರಣ: ಬ್ಯಾಂಕ್ ಅಥವಾ ಸರ್ಕಾರಿ ಕಚೇರಿಯು ವ್ಯಕ್ತಿಯ ಗುರುತನ್ನು ಕೇಳಿದಾಗ ವ್ಯವಸ್ಥೆಯು ಹೌದು ಅಥವಾ ಅಲ್ಲ ಎಂಬ ಉತ್ತರ ನೀಡುತ್ತದೆ. ನಿವಾಸಿಯ ಒಪ್ಪಿಗೆಯಿದ್ದರೆ ಆಯ್ದ ವಿವರಗಳನ್ನೂ ಒದಗಿಸುತ್ತದೆ. ಮೂಲ ಸಂಖ್ಯೆಯನ್ನು ಎಲ್ಲೆಡೆ ತಿಳಿಸುವ ಬದಲು, ಬೇಕೆಂದಾಗ ಪಡೆದು ಬೇಡವಾದಾಗ ರದ್ದುಗೊಳಿಸಬಹುದಾದ ತಾತ್ಕಾಲಿಕ ಸಂಖ್ಯೆಯನ್ನು ಬಳಸಬಹುದು.

ಇವುಗಳ ಜೊತೆಗೆ ಅಂತರಜಾಲ ಸೇವೆಗಳಿಗೆ ಪ್ರವೇಶ ನೀಡುವ ಇ-ಸಿಗ್ನೆಟ್ ಮತ್ತು ಪ್ರಮಾಣಪತ್ರಗಳನ್ನು ಮೊಬೈಲಿನಲ್ಲಿ ಇರಿಸಿಕೊಳ್ಳುವ ಇಂಜಿ ಎಂಬ ಸಹ ಯೋಜನೆಗಳೂ ಬೆಳೆದಿವೆ. ಇಂಜಿ ಮೊಬೈಲ್ ತಂತ್ರಾಂಶದ ಭಾಷೆಗಳಲ್ಲಿ ಕನ್ನಡವೂ ಒಂದು.

ಪರವಾನಗಿ

ಮೊಸಿಪ್‌ನ ಆಕರ ಸಂಕೇತವು ಗಿಟ್‌ಹಬ್ ತಾಣದಲ್ಲಿ ಮೊಜಿಲ್ಲಾ ಸಾರ್ವಜನಿಕ ಪರವಾನಗಿಯ 2.0 ಆವೃತ್ತಿಯಡಿ ಲಭ್ಯವಿದೆ. ಈ ಪರವಾನಗಿಯಂತೆ ಯಾರು ಬೇಕಾದರೂ ತಂತ್ರಾಂಶವನ್ನು ಬಳಸಬಹುದು, ಓದಬಹುದು, ತಿದ್ದಬಹುದು. ತಿದ್ದಿದ ಕಡತಗಳನ್ನು ಇತರರಿಗೆ ಹಂಚುವಾಗ ಅವುಗಳ ಆಕರ ಸಂಕೇತವನ್ನೂ ಅದೇ ಪರವಾನಗಿಯಡಿ ಒದಗಿಸಬೇಕು. ಆದರೆ ಅದರೊಡನೆ ಜೋಡಿಸಿದ ಬೇರೆ ತಂತ್ರಾಂಶವನ್ನು ಮುಕ್ತಗೊಳಿಸಬೇಕೆಂಬ ನಿಬಂಧನೆಯಿಲ್ಲ. ಸರ್ಕಾರಿ ವ್ಯವಸ್ಥೆಗಳಲ್ಲಿ ಖಾಸಗಿ ತಂತ್ರಾಂಶಗಳನ್ನೂ ಜೋಡಿಸಬೇಕಾಗುವುದರಿಂದ ಈ ಮಧ್ಯಮ ಮಾರ್ಗವು ಅನುಕೂಲಕರವಾಗಿದೆ. ಮೊಸಿಪ್ ಅನ್ನು ಡಿಜಿಟಲ್ ಸಾರ್ವಜನಿಕ ಸ್ವತ್ತು ಎಂದು ಗುರುತಿಸಲಾಗಿದೆ.

ಬಳಸುತ್ತಿರುವ ದೇಶಗಳು

ಮೊರಾಕೊ: ಈ ವೇದಿಕೆಯನ್ನು ಮೊದಲು ಆರಿಸಿಕೊಂಡ ದೇಶಗಳಲ್ಲಿ ಒಂದು. ಅಲ್ಲಿನ ಒಳಾಡಳಿತ ಸಚಿವಾಲಯದ ರಾಷ್ಟ್ರೀಯ ಜನಸಂಖ್ಯಾ ದಾಖಲಾತಿಗೆ ಇದು ಆಧಾರ. ಸಾಮಾಜಿಕ ನೆರವಿನ ಫಲಾನುಭವಿಗಳನ್ನು ಗುರುತಿಸುವುದು ಈ ದಾಖಲಾತಿಯ ಮುಖ್ಯ ಉದ್ದೇಶಗಳಲ್ಲೊಂದು.

ಫಿಲಿಪ್ಪೀನ್ಸ್: 2018ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಕಾಯಿದೆಯಡಿ ಫಿಲ್‌ಸಿಸ್ ಎಂಬ ರಾಷ್ಟ್ರೀಯ ಗುರುತಿನ ವ್ಯವಸ್ಥೆ ರೂಪುಗೊಂಡಿತು. 2020ರ ಅಕ್ಟೋಬರ್‌ನಲ್ಲಿ ನೋಂದಣಿ ಆರಂಭವಾಯಿತು. 2024ರ ವೇಳೆಗೆ 8 ಕೋಟಿಗೂ ಹೆಚ್ಚು ಜನ ನೋಂದಾಯಿಸಿಕೊಂಡಿದ್ದರು.

ಇಥಿಯೋಪಿಯ: ಫಾಯ್ದಾ ಎಂಬ ಹೆಸರಿನ ಡಿಜಿಟಲ್ ಗುರುತಿನ ಯೋಜನೆಯು ಮೊಸಿಪ್ ಮೇಲೆ ನಿಂತಿದೆ. ಇದಕ್ಕೆ ಸಂಬಂಧಿಸಿದ ಕಾನೂನು 2023ರಲ್ಲಿ ಜಾರಿಗೆ ಬಂದಿತು.

ಶ್ರೀಲಂಕಾ: ಭಾರತ ಸರ್ಕಾರದ ಅನುದಾನದ ನೆರವಿನಿಂದ ವಿಶಿಷ್ಟ ಡಿಜಿಟಲ್ ಗುರುತಿನ ಯೋಜನೆಯನ್ನು ಕೈಗೊಳ್ಳಲು 2022ರಲ್ಲಿ ಒಪ್ಪಂದವಾಯಿತು. ಈ ಯೋಜನೆಗೂ ಮೊಸಿಪ್ ಅನ್ನು ಆರಿಸಿಕೊಳ್ಳಲಾಗಿದೆ.

ಟೋಗೊ ಮತ್ತು ಗಿನಿ ಸೇರಿದಂತೆ ಆಫ್ರಿಕದ ಇನ್ನೂ ಕೆಲವು ದೇಶಗಳು ಮೊಸಿಪ್ ಅಳವಡಿಕೆಯ ವಿವಿಧ ಹಂತಗಳಲ್ಲಿವೆ.

ಚರ್ಚೆ ಮತ್ತು ಟೀಕೆ

ರಾಷ್ಟ್ರೀಯ ಗುರುತಿನ ಯೋಜನೆಗಳ ಕುರಿತು ಎರಡು ಮುಖ್ಯ ಆಕ್ಷೇಪಗಳಿವೆ. ಮೊದಲನೆಯದು ಖಾಸಗಿತನ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದ್ದರು. ಆ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದ ತೀರ್ಪು ನೀಡಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಕಾಯಿದೆಯನ್ನು ಎತ್ತಿಹಿಡಿದರೂ ಖಾಸಗಿ ಸಂಸ್ಥೆಗಳ ಬಳಕೆಗೆ ಮಿತಿ ವಿಧಿಸಿತು. ತಾತ್ಕಾಲಿಕ ಸಂಖ್ಯೆ, ಒಪ್ಪಿಗೆ ಪಡೆದು ಮಾಹಿತಿ ನೀಡುವುದು ಮುಂತಾಗಿ ಮೊಸಿಪ್‌ನಲ್ಲಿರುವ ಏರ್ಪಾಡುಗಳು ಇಂತಹ ಕಳವಳಗಳಿಗೇ ಸಂಬಂಧಿಸಿದವು.

ಎರಡನೆಯದು ಹೊರಗುಳಿಯುವಿಕೆ. ದುಡಿದು ಸವೆದ ಬೆರಳುಗಳ ಅಚ್ಚು ಹೊಂದದಿದ್ದಾಗ ಅಥವಾ ಸಂಪರ್ಕ ಕಡಿದಾಗ ಅರ್ಹರಿಗೇ ಸೌಲಭ್ಯ ತಪ್ಪಬಹುದು. 2019ರಲ್ಲಿ ಆಕ್ಸೆಸ್ ನೌ ಸಂಸ್ಥೆಯ ನೇತೃತ್ವದಲ್ಲಿ ಹಲವು ನಾಗರಿಕ ಸಂಘಟನೆಗಳು, ಇಂತಹ ಯೋಜನೆಗಳ ಅಗತ್ಯವನ್ನೇ ಮೊದಲು ಸಮರ್ಥಿಸಬೇಕೆಂದು ಬಹಿರಂಗ ಪತ್ರ ಬರೆದವು.

ಆಕರ ಸಂಕೇತ ಮುಕ್ತವಾಗಿದ್ದ ಮಾತ್ರಕ್ಕೆ ಈ ಆಕ್ಷೇಪಗಳು ತೀರುವುದಿಲ್ಲ. ತಂತ್ರಾಂಶದಲ್ಲಿ ದೋಷವಿದೆಯೇ ಎಂಬುದನ್ನು ಸ್ವತಂತ್ರ ತಜ್ಞರು ನೋಡಬಹುದು. ಆದರೆ ಅದನ್ನು ಯಾವ ಉದ್ದೇಶಕ್ಕೆ ಬಳಸಲಾಗುತ್ತಿದೆ ಎಂಬುದು ಆಯಾ ದೇಶದ ಕಾನೂನು ಮತ್ತು ಆಡಳಿತವನ್ನು ಅವಲಂಬಿಸಿದೆ. ಫಿಲಿಪ್ಪೀನ್ಸ್‌ನಲ್ಲಿ ಕಾರ್ಡುಗಳ ಮುದ್ರಣ ಮತ್ತು ವಿತರಣೆ ತಡವಾದಾಗ, 2022ರಲ್ಲಿ ಕಾಗದದಲ್ಲಿ ಮುದ್ರಿಸಿದ ರೂಪವನ್ನು ನೀಡಬೇಕಾಯಿತು. ತಂತ್ರಾಂಶದ ಹೊರಗಿನ ಕೆಲಸಗಳೂ ಇಂತಹ ಯೋಜನೆಯ ಯಶಸ್ಸಿಗೆ ಅಷ್ಟೇ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ಕರ್ನಾಟಕದ ಇತರ ಪ್ರಯತ್ನಗಳು

ವಿದ್ಯಾಸಂಸ್ಥೆ, ಸರ್ಕಾರ ಮತ್ತು ಮುಕ್ತ ತಂತ್ರಜ್ಞಾನಗಳ ಸಂಬಂಧಕ್ಕೆ ಬೆಂಗಳೂರಿನಲ್ಲಿ ಬೇರೆ ನಿದರ್ಶನಗಳೂ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಗಣಕವು ಲಿನಕ್ಸ್ ಆಧಾರಿತವಾಗಿತ್ತು. ಅದರ ಯಂತ್ರಾಂಶದ ವಿನ್ಯಾಸಕ್ಕೂ ಮುಕ್ತ ಪರವಾನಗಿಯನ್ನು ರೂಪಿಸಲಾಗಿತ್ತು. ಬನಶಂಕರಿಯಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಜಯನಗರದ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಸೇರಿ, ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಮುಕ್ತ ತಂತ್ರಾಂಶಗಳ ತರಬೇತಿ ನೀಡಿ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ಭಂಡಾರವನ್ನು ಬೆಳೆಸಿತು. ಐಐಐಟಿ ಬೆಂಗಳೂರು ಸ್ವತಃ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರದೊಡನೆ ಮಾನಸಿಕ ಆರೋಗ್ಯ ಸೇವೆಗಳ ದಾಖಲಾತಿಗಾಗಿ ಇ-ಮಾನಸ್ ವ್ಯವಸ್ಥೆಯನ್ನು ರೂಪಿಸಿದೆ. ರಾಷ್ಟ್ರಮಟ್ಟದಲ್ಲಿ ಕೇಂದ್ರ ಸರ್ಕಾರವು ತನ್ನ ಇ-ಆಡಳಿತ ಯೋಜನೆಗಳಲ್ಲಿ ಮುಕ್ತ ಆಕರ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು 2015ರಲ್ಲಿ ಪ್ರಕಟಿಸಿತು.